ಅಖೇರಿ ಶಿಲ್ಕು

ಗುಳೇದಗುಡ್ಡದಲ್ಲಿ, ಖಣದ ಅಂಗಡಿಯ ಮೇಲಿನ ಖೋಲಿ.
ಕಬ್ಬಿಣದ ಮಂಚ ಎರಡು, ಗಾಲಿಕುರ್ಚಿ ಒಂದು,
ಊರುಗೋಲು ಆರು ಜೊತೆ.
ಬೇಕಾದವರು ಒಯ್ಯಿರಿ, ಎದ್ದು ನಡೆದಾಗ ತಂದುಕೊಡಿರಿ.
ಇಷ್ಟೇ ನಮ್ಮ ಸಂಸ್ಥೆ.
ಕಿರ್ದಿ ಬರೆಯುವವಳು ನಾನು.

ಮೊದಲ ಪುಟ, ತೊಂಬತ್ತೆಂಟರ ದೀಪಾವಳಿ ಪಾಡ್ಯ:
ಹುಚ್ಚೇಶ ಮಾಸ್ತರರ ಪಗಾರದಿಂದ ಇನ್ನೂರು,
ಕಾಸಿಂಸಾಬರು ಹಳೇ ಮಗ್ಗ ಮಾರಿದ್ದು ಏಳುನೂರು,
ಹೆಸರು ಬರೀಬ್ಯಾಡ ಎಂದವರಿಂದ ಹನ್ನೊಂದು.
ಖರ್ಚಿನ ಕಡೆ: ಕೀಲಿ ಒಂದು.
ಕೀಲಿ ಹಾಕುವಂಥದ್ದು ಒಳಗೆ ಏನೂ ಇರಲಿಲ್ಲ.

ಆಮೇಲೆ ಕಂಪನಿಯ ರೊಕ್ಕ ಬಂತು.
ಇಸ್ತ್ರಿ ಮುರಿಯದ ಅಂಗಿಯವರು ಫೋಟೋ ಹಿಡಿದರು.
ವ್ಯಾನು ಕೊಟ್ಟರು;
ಡೀಸೆಲ್ಲು ಅವರ ಪಟ್ಟಿಯಲ್ಲಿರಲಿಲ್ಲ.
ಮೂರು ವರ್ಷ ಅಂಕಿಗಳು ಹೋಳಿಗೆಯಂತೆ ಉಬ್ಬಿದವು.
ಆಡಿಟರ್ ಹೆರಕಲ್ಲ ಅವರು ಕನ್ನಡಕ ತೆಗೆದು ಅಂದರು:
"ಅಕ್ಕಾರ, ಮೈ ಬಂದದ ಅಂತ ಹಿಗ್ಗಬ್ಯಾಡ್ರಿ.
ಇದು ಬಾವು."

ನಾಲ್ಕನೇ ವರ್ಷ ಬಾವು ಇಳಿಯಿತು.
ವ್ಯಾನು ಮಾರಿ ಲೈಟು ಬಿಲ್ಲು ಕಟ್ಟಿದೆವು.
ಡ್ರೈವರ್ ಯಮನೂರಿಯ ಎರಡು ತಿಂಗಳ ಪಗಾರ
ಇನ್ನೂ 'ಕೊಡತಕ್ಕದ್ದು' ಕಾಲಮ್ಮಿನಲ್ಲಿದೆ.
ಎದುರು ಸಿಕ್ಕರೆ ಅವನೇ ಮೊದಲು ನಗುತ್ತಾನೆ.
ನಾನು ಅಂಗಡಿಯ ಖಣಗಳ ಬಣ್ಣ ನೋಡುತ್ತ ನಿಲ್ಲುತ್ತೇನೆ.

ಮಾಸ್ತರರು ಹೋದ ವರ್ಷ ದೇಣಿಗೆ ದುಪ್ಪಟ್ಟು,
ಮರುವರ್ಷ ಅರ್ಧ.
ದುಃಖಕ್ಕೂ ಬಡ್ಡಿದರ ಇಳಿಯುತ್ತದೆ.

ಕೊರೋನಾದಲ್ಲಿ ಇದ್ದೊಂದು ಠೇವಣಿ ಮುರಿದೆವು.
ಹನ್ನೆರಡು ಸಿಲಿಂಡರು ಹೋದವು, ಹನ್ನೆರಡೂ ತಿರುಗಿ ಬಂದವು.
ಒಂಬತ್ತು ಮನೆಯವರು ಅನಾಮತ್ತು ವಾಪಸು ಕೇಳಲಿಲ್ಲ.
ಆ ರೊಕ್ಕ ಜಮಾ ಹಿಡಿಯಲು
ವಾರಗಟ್ಟಲೆ ಕೈ ಏಳಲಿಲ್ಲ.

ಮೊನ್ನೆ ಮಾರ್ಚ್ ಮೂವತ್ತೊಂದು.
ಸವಕಳಿ ಕಳೆದು ಕಳೆದು ಗಾಲಿಕುರ್ಚಿಯ ಬೆಲೆ
ಪುಸ್ತಕದಲ್ಲಿ ಒಂದು ರೂಪಾಯಿ.
"ತೆಗೆದಬಿಡ್ರಿ, ಅದು ಮುಗೀತು" ಅಂದ ಹೊಸ ಆಡಿಟರ್ ಹುಡುಗ.
ಎಲ್ಲಿದೆ ಎಂದು ವಹಿ ನೋಡಿದೆ:
ಕೋಟೆಕಲ್ಲು, ಅದು ಹೊಕ್ಕ ಅರವತ್ಮೂರನೆಯ ಮನೆ.
ಒಬ್ಬಾಕೆ ಅದರಲ್ಲಿ ಕೂತು ಕಂಡಿಕೆ ಸುತ್ತುತ್ತಾಳಂತೆ,
ದಿನಕ್ಕೆ ಅರವತ್ತು ರೂಪಾಯಿ.
ಅದು ನಮ್ಮ ಆದಾಯವಲ್ಲ.
ಬರೆಯಲು ಕಾಲಮ್ಮಿಲ್ಲ.
ಆ ಒಂದು ರೂಪಾಯಿ ಹಾಗೇ ಇರಲಿ ಅಂದೆ.

ಅಖೇರಿ ಶಿಲ್ಕು ನಾಲ್ಕು ಸಾವಿರದ ಆರುನೂರ ಹದಿನೇಳು.
ಬಾಡಿಗೆ ಕೊಟ್ಟರೆ ಎರಡು ತಿಂಗಳು;
ಕೊಡದಿದ್ದರೆ, ಮಾಲೀಕರ ಮನಸ್ಸು ಇದ್ದಷ್ಟು ದಿನ.
ಕೆಳಗೆ ಎರಡು ಗೆರೆ ಎಳೆದೆ.
ಹಾಳೆ ತಿರುವಿ ಅದೇ ಅಂಕಿಯನ್ನು
ಆರಂಭ ಶಿಲ್ಕು ಎಂದು ಬರೆಯುವಷ್ಟರಲ್ಲಿ
ಮೆಟ್ಟಿಲ ಬುಡದಿಂದ ಯಾರೋ: "ಅಕ್ಕಾರ, ಮಂಚ ಐತೇನ್ರಿ?"

"ಒಂದೈತಿ.
ಒಂದು ಕಾಲು ಗಿಡ್ಡ. ನಡೀತೈತೇನು?"