ಕಾವಿಗೆ ಕೂತ ಕೋನ

ಮಡಗಾಂವ್‌ನ ಬೋರ್ಡಾ ಕಡೆ ಕ್ಲೋತಿಲ್ದಾ ಬಾಯಿಯ ಹಳೇ ಮನೆ,
ಹಿಂದಿನ ಕೋಣೆಗೆ ಹೊಸ ಟೈಲ್ಸು.
ಮೇ ರಜೆ. ಅಪ್ಪನಿಗೆ ಆಳು ಸಿಕ್ಕಿರಲಿಲ್ಲ,
ವಾಸ್ಕೋದಿಂದ ಬಸ್ಸಿನಲ್ಲಿ ನಾನೇ ಹೋದೆ
ಬುತ್ತಿಚೀಲದೊಳಗೆ ಕಂಪಾಸು ಪೆಟ್ಟಿಗೆ ಇಟ್ಟುಕೊಂಡು.
ಏಕೆ ಇಟ್ಟುಕೊಂಡೆನೋ. ಹೊಸದಾಗಿತ್ತು, ಅಷ್ಟೆ.

ಕೋಣೆಗೆ ನಾಲ್ಕು ಮೂಲೆ.
ಮೂರಕ್ಕೆ ಅಪ್ಪ ಮೂಲೆಮಟ್ಟ ಹಿಡಿದು ನೋಡಿದ,
ಒಂದೂ ಒಪ್ಪಲಿಲ್ಲ.
ಒಂದರ ಬಾಯಿ ಎರಡು ನೂಲು ತೆರೆದಿತ್ತು,
ಇನ್ನೊಂದು ತುಟಿ ಬಿಗಿದಿತ್ತು,
ಮತ್ತೊಂದು? "ಆಕಳಸ್ತೈತಿ ನೋಡು" ಎಂದ.
ನಾಲ್ಕನೆಯದರಲ್ಲಿ ಕೋಳಿ.

ಕೆಂಪು ಕೋಳಿ, ಬಿದಿರ ಬುಟ್ಟಿ, ಹನ್ನೊಂದು ತತ್ತಿ,
ಕಾವಿಗೆ ಕೂತು ಹನ್ನೆರಡು ದಿನ.
ಅಪ್ಪ ಮೂಲೆಮಟ್ಟ ಚಾಚಿದ, ಅದು ಕುಕ್ಕಿತು
ಹೆಬ್ಬೆರಳ ಬುಡಕ್ಕೆ, ರಕ್ತ ಜಿನುಗುವ ಹಾಗೆ.
"ಹಾಲಯ್ ನಾಕಾ!" ಬಾಗಿಲಲ್ಲಿ ಬಾಯಿಯ ದನಿ.
ಇನ್ನೊಂಬತ್ತು ದಿನ ಆ ಕಡೆ ಯಾರೂ ಸುಳಿಯಕೂಡದು.
ಕತ್ತರಿಸುವ ಯಂತ್ರವೋ ಬಾಡಿಗೆಯದು,
ಸಂಜೆ ಐದಕ್ಕೆ ದಾದಾಪೀರ ಬಂದು ಒಯ್ಯುತ್ತಾನೆ.

ಅಪ್ಪ ಬೀಡಿ ಹಚ್ಚಿ ಕೋಳಿಯನ್ನು ನೋಡಿದ.
ಕೋಳಿ ಅಪ್ಪನನ್ನು ನೋಡಿತು, ಒಂದೇ ಕಣ್ಣಿನಿಂದ.

ನಾನು ಅಂದೆ: ಮೂರು ಗೊತ್ತಿದ್ದರೆ ನಾಲ್ಕನೆಯದೂ ಗೊತ್ತು.
"ಯಾರು ಹೇಳ್ಯಾರ?"
ಪಾಠದಲ್ಲಿದೆ.
"ಪಾಠ ಬರದಾವ್ರು ಈ ಮನಿ ನೋಡ್ಯಾರೇನು?"

ಟೈಲ್ಸಿನ ರಟ್ಟು ಕೊಯ್ದು ಒಂದು ತ್ರಿಭುಜ ಮಾಡಿದೆ,
ಮೂರೂ ತುದಿ ಹರಿದು
ಹೊಸ್ತಿಲ ಅಂಚಿಗೆ ಮೂತಿಗೆ ಮೂತಿ ತಾಗಿಸಿ ಇಟ್ಟೆ.
ನೆಟ್ಟಗೆ ಕೂತವು.
ಇನ್ನೊಂದು ಮಾಡು, ಸಣಕಲಂದು, ಎಂದ. ಕೂತವು.
ಮೂರನೆಯದನ್ನು ತಾನೇ ಕೊಯ್ದ, ಬೇಕಂತಲೇ ಸೊಟ್ಟ,
ಲೆಕ್ಕವನ್ನು ಕೆಡವಲೆಂದೇ ಕೊಯ್ದ ಹಾಗೆ.
ಅದೂ ಕೂತಿತು.
ರಸಮಟ್ಟದ ಪಟ್ಟಿ ತಂದು ಪಕ್ಕಕ್ಕಿಟ್ಟು, ಬಗ್ಗಿ,
ಒಂದು ಕಣ್ಣು ಮುಚ್ಚಿ ನೋಡಿದ.
ಬೀಡಿ ಆರಿಹೋಗಿತ್ತು.

ಕೆಂಪು ಪುಡಿಯ ದಾರವನ್ನು ಎದುರುಬದುರು ಮೂಲೆಗೆ ಎಳೆದು
ಚಟ್ಟನೆ ಬಿಟ್ಟೆವು, ಕೋಳಿಗೆ ಕೇಳದಷ್ಟು ಮೆಲ್ಲಗೆ.
ಕೋಣೆ ಎರಡು ತ್ರಿಭುಜವಾಯಿತು:
ಒಂದು ನಮ್ಮದು, ಒಂದು ಅದರದ್ದು.
ನೂರೆಂಬತ್ತು, ಮತ್ತೊಂದು ನೂರೆಂಬತ್ತು.
ಅಂಗೈಯಷ್ಟಗಲದ ನನ್ನ ಕೋನಮಾಪಕಕ್ಕೆ
ಅಪ್ಪ ಎರಡು ಪಟ್ಟಿ ಹಿಡಿದ, ನಾನು ಓದಿದೆ:
ತೊಂಬತ್ತೆರಡು. ಎಂಬತ್ತೈದು.
ಆಕಳಿಸುವುದು ತೊಂಬತ್ತಾರು.
ಟೈಲಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಕಳೆದೆ.
ಎಂಬತ್ತೇಳು.

"ಖರೇನ?"
ಹೂಂ ಅಂದೆ. ಅಂದ ಮೇಲೆ ಹೆದರಿದೆ.
ಪುಸ್ತಕದ ಗೋಡೆಗೆ ಹೊಟ್ಟೆ ಬಂದಿರುವುದಿಲ್ಲ,
ಅದರ ಸುಣ್ಣ ಉದುರುವುದಿಲ್ಲ,
ಅದರ ಟೈಲು ಒಂದಕ್ಕೆ ಎಪ್ಪತ್ತು ರೂಪಾಯಿ ಅಲ್ಲ.
ಯಂತ್ರ ಕಿರುಚಿತು. ಬಿಳಿ ಧೂಳು.
ಕೋಳಿ ಅಲುಗಲಿಲ್ಲ.

ಒಂಬತ್ತು ರಾತ್ರಿ
ಮಗ್ಗುಲಾಗಿ ಮಲಗಿ ಮೊಣಕಾಲು ಮಡಿಸಿ ನೋಡಿಕೊಂಡೆ,
ಇದು ಎಂಬತ್ತೇಳೋ, ತುಸು ಹೆಚ್ಚೋ.

ಹತ್ತನೇ ದಿನ ಅಪ್ಪ ಬಂದ. ಕೈ ತೊಳೆದ. ರೊಟ್ಟಿ ಮುರಿದ.
ನಾನು ಕೇಳಲಿಲ್ಲ. ನೀರಿನ ಚಂಬು ಇಟ್ಟು ಅಲ್ಲೇ ನಿಂತೆ.
"ಒಂದು ಕೂದಲೆಳಿ ಬಿಗಿ ಇತ್ತು" ಅಂದ,
"ತಿಕ್ಕಿದೆ. ಕುಂತಿತು."
ಮತ್ತೆ ಮರಿ?
"ಒಂಬತ್ತು."
ಹನ್ನೊಂದರಲ್ಲಿ ಒಂಬತ್ತು ಹೋದರೆ,
ಆಗ ನಾನು ಏನು ಕಂಡರೂ ಕಳೆಯುತ್ತಿದ್ದೆ,
ಉಳಿದ ಎರಡು?
ಉಗುರಿನ ಸಿಮೆಂಟು ಕೆರೆಯುತ್ತ ಅಂದ,
"ಬಾಯಿ ತೆಂಗಿನ ಬುಡಕ್ಕ ಹಾಕಿದ್ಲು."

ಜೂನ್‌ನಲ್ಲಿ ಮಸಬಿನಾಳ ಮೇಡಂ ಕಿರುಪರೀಕ್ಷೆ ಕೊಟ್ಟರು,
ನಾಲ್ಕು ಗೆರೆ, ಮೂರು ಸಂಖ್ಯೆ, ಒಂದು ಮೂಲೆಯಲ್ಲಿ ಎಕ್ಸ್.
ಉತ್ತರ ಸರಿ ಬರೆದೆ.
ಎಕ್ಸ್‌ಗೆ ಒಂದು ಕೊಕ್ಕು, ಒಂದು ಕಣ್ಣು ಸೇರಿಸಿದ್ದಕ್ಕೆ
ಅರ್ಧ ಅಂಕ ಹೋಯಿತು.