ಮೊದಲು ಗಾಳಿ

ಸದಾಶಿವ ಪೇಠೆ, ಮೂರನೇ ಮಾಳಿಗೆ, ಮೇ ತಿಂಗಳು.
ಫ್ಯಾನು ತಿರುಗಿಸಿಟ್ಟಿದ್ದು ನನ್ನ ಕಡೆಗಲ್ಲ, ಕಂಪ್ಯೂಟರಿನ ಕಡೆಗೆ.
ಕಾಲೇಜಿನ ರಜೆ. ನಲವತ್ತಾರನೇ ವಯಸ್ಸಿನಲ್ಲಿ
ಸೂರ್ಯನನ್ನು ಸಿಡಿಸಲು ಕೂತಿದ್ದೇನೆ.
ಅವನಿನ್ನೂ ಇನ್‌ಸ್ಟಾಲ್ ಆಗಿಲ್ಲ.

ಒಂದು ಲೈಬ್ರರಿ ಇಲ್ಲವೆಂದಿತು, ಹುಡುಕಿ ಕೊಟ್ಟೆ.
ಅದು ಬರಬೇಕಾದರೆ ಅದರಣ್ಣ ಬರಬೇಕಂತೆ,
ಅಣ್ಣನಿಗೆ ಹಳೆಯ ಕಂಪೈಲರೇ ಆಗಬೇಕಂತೆ.
ಬೀಗರ ಮಾತುಕತೆ; ಒಬ್ಬರು ಮುನಿದರೂ ಮದುವೆ ನಿಂತಿತು.

ಮಂಗಳವಾರ ಓಡಿತು. ಹನ್ನೊಂದು ಹೆಜ್ಜೆ.
ಹನ್ನೆರಡಕ್ಕೆ ಪರದೆ ತುಂಬ ಒಂದೇ ಉತ್ತರ:
ವೇಗ, ಸಂಖ್ಯೆಯಲ್ಲ. ಸಾಂದ್ರತೆ, ಸಂಖ್ಯೆಯಲ್ಲ.
ಕಾಂತಕ್ಷೇತ್ರ,
ಸಂಖ್ಯೆಯಲ್ಲ.

ಫೋನಿನಲ್ಲಿ ಶಾಲ್ಮಲಿ ನಕ್ಕಳು, ಒಂದು ಕಾಲದ ನನ್ನ ವಿದ್ಯಾರ್ಥಿನಿ:
"ಸರ್, ಹೆಜ್ಜೆ ದೊಡ್ಡದಾಯ್ತು. ಸ್ಫೋಟ ಆಮೇಲೆ, ಮೊದಲು ಗಾಳಿ.
ಏನೂ ಆಗದ ಸೂರ್ಯನನ್ನು ಕಟ್ಟಿ.
ಏನೂ ಆಗದಿರುವುದು ತಾನಾಗಿ ಆಗುವುದಿಲ್ಲ."

ಬುಧವಾರವೆಲ್ಲ ಗಾಳಿ ಬೀಸಿತು.
ತಿರುಗುತ್ತಾ ಊದುವ ಸೂರ್ಯನ ಸುತ್ತ
ಎಳೆ ಎಳೆಯಾಗಿ ಸುರುಳಿ, ಬುಧ ದಾಟಿ, ಶುಕ್ರ ದಾಟಿ,
ಇನ್ನೇನು ಭೂಮಿ ಅನ್ನುವಾಗ
ಗುರುವಾರ ಬೆಳಗಾಯಿತು. ಪುಣೆಯಲ್ಲಿ
ರಿಪೇರಿಗೆಂದು ಕರೆಂಟು ತೆಗೆಯುವ ವಾರ.

ಗೊತ್ತಿತ್ತು. ಬಕೆಟ್ಟು ತುಂಬಿಟ್ಟಿದ್ದೆ, ಫೋನು ಚಾರ್ಜ್ ಮಾಡಿದ್ದೆ.
ನಡುನಡುವೆ ಉಳಿಸಿಡು ಎಂಬ ಸಾಲಿನೆದುರು ಮಾತ್ರ
'ಬೇಡ' ಎಂದೇ ಇತ್ತು.

ಕತ್ತಲ ಪರದೆಯಲ್ಲಿ ನನ್ನ ಕನ್ನಡಕ ನೋಡುತ್ತ ಕೂತಿದ್ದಾಗ
ವೈಜಯಂತಾ ಆಜಿ ಕೂಗಿದರು, ಗಚ್ಚಿಗೆ ಬಾ, ಕೈ ನೋಯ್ತದೆ.
ಮೇಲೆ ಹಳೆಯ ಧೋತರ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ.
ಗೋಧಿಯ ಚೀಕು ಇನ್ನೂ ಬಿಸಿ.
ಒರಳು ಒತ್ತಿದೆ. ಬಿಳಿಯ ಎಳೆ ಇಳಿಯಿತು,
ಸುತ್ತಿತು, ಸುತ್ತಿ ಅಗಲವಾಯಿತು.
ಕೈ ನಿಂತೇಹೋಯಿತು.
"ನಿಲ್ಲಿಸಬೇಡ, ಹರಿಯುತ್ತದೆ!"
ನಿನ್ನೆ ಇದನ್ನೇ ನೋಡಿದ್ದೆ, ಆಜಿ,
ಇದೇ ಕುರಡಿ, ಹದಿನೈದು ಕೋಟಿ ಕಿಲೋಮೀಟರು ಅಗಲ.

ಏನು ಮಾಡುತ್ತೀ ದಿನವಿಡೀ, ಎಂದು ಕೇಳಿದರು. ಹೇಳಿದೆ.
ನೆರಿಗೆ ಕೊಡವಿ, ಆಕಾಶಕ್ಕೊಮ್ಮೆ ಕೈ ಅಡ್ಡ ಹಿಡಿದು,
"ಸಿಡಿಸು ಬೇಕಾದರೆ. ಇವು ಒಣಗಲಿ, ಎರಡು ದಿನ ತಡೆ."

ಸಂಜೆ ಆರಕ್ಕೆ ಕರೆಂಟು ಬಂತು. ಮೊದಲಿನಿಂದ ಗಾಳಿ.
'ಬೇಡ'ವನ್ನು 'ಬೇಕು' ಮಾಡಿದೆ.
ಸ್ಫೋಟದ ವೇಳೆ ಎಂದು ಖಾಲಿ ಬಿಟ್ಟ ಜಾಗದಲ್ಲಿ
ಉಗುರ ಸಂದಿನ ಚೀಕು ಕೀಳುತ್ತ
ಬರೆದೆ: ಶನಿವಾರ, ಬಿಸಿಲಿಳಿದ ಮೇಲೆ.