ಲೊಖೀಯಲ್ಲಿ ಪಾರ್ಸೆಲ್ ಹಂಚುತ್ತ

ಇವತ್ತು ವ್ಯಾನಿನಲ್ಲಿ ಎಂಬತ್ತೇಳು ಪೆಟ್ಟಿಗೆ.
ಹದಿನಾಲ್ಕು ಒಂದೇ ವಿಳಾಸಕ್ಕೆ:
ನೂಲುವ ಗಿರಣಿ, ಲೊಖೀ, ಡಂಡಿ.
ಹೆಸರು ಹಾಗೇ ಉಳಿಸಿದ್ದಾರೆ, ಬಾಡಿಗೆಗೆ ಒಳ್ಳೆಯದಂತೆ.

ಹೆಬ್ಬಾಗಿಲಲ್ಲಿ ಗುಂಡಿ ಒತ್ತಿ ಕಾಯುವಾಗ
ಕಲ್ಲಿಗೆ ಮೂಗು ತಗಲಿಸಿದರೆ ಈಗಲೂ, ಮಳೆ ಬಂದ ಮರುದಿನ,
ತಿಮಿಂಗಿಲದ ಎಣ್ಣೆ ವಾಸನೆ ಹೊಡೆಯುತ್ತದೆ ಎನ್ನುತ್ತಾನೆ
ಪಕ್ಕದ ಕರಿದ ಮೀನಿನ ಅಂಗಡಿಯ ಡಾಮ್ನಲ್ ಟಿಯರ್ನಿ.
ಅವನದೇ ಬಾಣಲೆಯ ವಾಸನೆ ಇರಬೇಕು.
ಆದರೂ ಯಾರೂ ನೋಡದಾಗ ಒಮ್ಮೆ ನಾನೂ ಮೂಸಿದ್ದೇನೆ.

ಎಣ್ಣೆ ಕುಡಿಯದೆ ಸೆಣಬು ಬಗ್ಗುತ್ತಿರಲಿಲ್ಲವಂತೆ.
ಬಂಗಾಳದ ಕೆಸರಲ್ಲಿ ಕೊಯ್ದದ್ದು, ಉತ್ತರದ ಕಡಲಲ್ಲಿ ಕೊಂದದ್ದು
ಎರಡೂ ಈ ಏರು ಹತ್ತಿ ಬಂದು ಕೂಡಿ
ಗೋಣಿಯಾದವು. ಯಾವುದೋ ಊರಿನ ಕಾಫಿಗೆ,
ಯಾವುದೋ ಊರಿನ ಹಿಟ್ಟಿಗೆ, ಯುದ್ಧ ಬಂದರೆ ಮರಳಿಗೆ.

ಮುತ್ತಜ್ಜಿ ಬೆಡೀಲಿಯಾ ಮಕ್‌ಗರ್ಕ್
ಹನ್ನೆರಡಕ್ಕೇ ಒಳಹೊಕ್ಕಳು. ಅರ್ಧ ದಿನ ಶಾಲೆ, ಅರ್ಧ ದಿನ ಕೂಲಿ:
ಬೆಳಿಗ್ಗೆ ಮಗ್ಗಿ, ಮಧ್ಯಾಹ್ನ ಮಗ್ಗ.
ಏಳೆಂಟಲ ಐವತ್ತಾರರ ಹತ್ತಿರ ನಿದ್ದೆ ಬರುತ್ತಿತ್ತಂತೆ.

ಇಪ್ಪತ್ತಕ್ಕೆ ಪಕ್ಕಾ ನೇಕಾರಳು; ತಲೆಗೆ ಟೋಪಿ, ಕೈಗೆ ಗವಸು.
ನೂಲುವವರು ಶಾಲು ಹೊದ್ದು ಆಚೆ ಬದಿಯಲ್ಲಿ ನಡೆದರೆ
ಇವಳು ಈಚೆ ಬದಿಯಲ್ಲಿ, ಗಲ್ಲ ಎತ್ತಿ.
ಬಡತನಕ್ಕೂ ಒಂದು ಮೇಲುಮಹಡಿ ಇತ್ತು ಇಲ್ಲಿ.

ಗಂಡಸರಿಗೆ ಕೆಲಸ ಸಿಗದು. ಹದಿನೆಂಟು ತುಂಬಿ
ಪೂರಾ ಕೂಲಿ ಕೇಳುವ ಮೀಸೆ ಬಂದೊಡನೆ ಹುಡುಗರು ಹೊರಗೆ.
ಮುತ್ತಜ್ಜ ಪೀಡರ್ ಮನೆಯಲ್ಲಿ ತೊಟ್ಟಿಲು ತೂಗಿದ,
ಹೆಂಡತಿಯ ಸಂಬಳದಲ್ಲಿ ಕುಡಿದ.
ಕೆಟಲ್ ಕಾಯಿಸುವವರು ಎಂದಿತು ಊರು ಅವನಂಥವರನ್ನು.
ಮೂದಲಿಕೆ ಅದು. ಆದರೆ ಚಹಾ ಚೆನ್ನಾಗಿ ಮಾಡುತ್ತಿದ್ದ;
ಅಷ್ಟನ್ನು ಬೆಡೀಲಿಯಾ ಕೊನೆತನಕ ಒಪ್ಪಿದಳು.

ಮೂವತ್ತಕ್ಕೆ ಕಿವಿ ಹೋಯಿತು.
ಎಲ್ಲರದೂ ಹೋಗಿತ್ತು, ಹಾಗಾಗಿ ಯಾರದೂ ಹೋದಂತಿರಲಿಲ್ಲ.
ಹರಟೆ ಮಾತ್ರ ನಿಲ್ಲದು. ತುಟಿಯಲ್ಲಿ, ಹುಬ್ಬಿನಲ್ಲಿ, ಕಿರುಬೆರಳಲ್ಲಿ
ಮಗ್ಗದಿಂದ ಮಗ್ಗಕ್ಕೆ ದಾಟುತ್ತಿತ್ತು ಯಾರು ಬಸಿರು, ಯಾರಿಗೆ ಸಾಲ,
ಮೇಸ್ತ್ರಿ ಇವತ್ತು ಯಾರ ಸೊಂಟಕ್ಕೆ ಕೈ ಹಾಕಿದ ಎಂಬುದು.
ಮೇಸ್ತ್ರಿಯೊಬ್ಬನಿಗೇ ಕೇಳುತ್ತಿರಲಿಲ್ಲ.
ಚರ್ಚಿನಲ್ಲೂ ಅವಳ ಬಾಯಿ ಹಾಗೇ ಆಡುತ್ತಿತ್ತು,
ಪಾದ್ರಿ ಅದನ್ನು ಭಕ್ತಿ ಎಂದುಕೊಂಡ.

ಆ ವಿದ್ಯೆಯನ್ನು ಅವಳು ಮಗಳಿಗೆ, ಮಗಳು ನನಗೆ
ಕಲಿಸಿದ್ದು ಆಟವೆಂದು, ಟೀವಿಯ ಸದ್ದು ಅಡಗಿಸಿ.

ಅಷ್ಟರಲ್ಲಿ ಸೆಣಬು ತವರಿನಲ್ಲೇ ನೇಯಿಸಿಕೊಳ್ಳತೊಡಗಿತ್ತು.
ಹೂಗ್ಲಿಯ ದಂಡೆಗೆ ಮಗ್ಗ ಕೂರಿಸಲು ಹೋದವರು
ಇದೇ ಬೀದಿಯ ಗಂಡಸರು.
ಅಲ್ಲಿ ಅವರಿಗೆ ಬೇರೆಯವರು ಕೆಟಲ್ ಕಾಯಿಸಿದರು.

ಒಂದು ದಿನ ಗಿರಣಿಯ ಸೈರನ್ ಕೂಗಲಿಲ್ಲ.
ಲೊಖೀಗೆ ಲೊಖೀಯೇ ತಡವಾಗಿ ಎದ್ದಿತು ಎಂದು ಅಜ್ಜಿ ನಗುತ್ತಿದ್ದಳು.
ನಾನು ತುಟಿ ಓದಬಲ್ಲೆ. ಅದು ನಗು ಅಲ್ಲ.

ಹೊಗೆಗೊಳವೆ ಇನ್ನೂ ನಿಂತಿದೆ, ಬಣ್ಣದ ಇಟ್ಟಿಗೆಯದು.
ಫೋನಿನ ನಕ್ಷೆ ಕೈಕೊಟ್ಟಾಗ ಅದನ್ನೇ ನೋಡಿ ತಿರುಗುತ್ತೇನೆ.

ಗುಂಡಿಗೆ ಉತ್ತರವಿಲ್ಲ. ಮೂರನೆಯ ಮಹಡಿಯ
ಜೋಡಿಗಾಜಿನ ಹಿಂದೆ ಹೆಂಗಸೊಬ್ಬಳು, ಹೆಗಲ ಮೇಲೆ ಕೂಸು,
ಎಡಿನ್‌ಬರಾದ ಕಡೆಯವಳಿರಬೇಕು.
ಏನೋ ಹೇಳುತ್ತಿದ್ದಾಳೆ, ಕೇಳದು. ತುಟಿ ನೋಡುತ್ತೇನೆ:
ಈಗಷ್ಟೇ ಮಲಗಿದೆ. ಮತ್ತೆ ಒತ್ತಬೇಡಿ. ಅಲ್ಲೇ ಇಡಿ.

ನಾನೂ ಬಾಯಿ ಅಗಲಿಸಿ, ಸದ್ದಿಲ್ಲದೆ, ಗಿರಣಿಯ ಮಾತಿನಲ್ಲಿ:
ಆಯ್ತು ತಾಯಿ.

ಅವಳು ಬೆಚ್ಚಿದಳು. ಆಮೇಲೆ ಒಂದು ಹುಬ್ಬು ಏರಿಸಿದಳು.
ಆ ಹುಬ್ಬಿನ ಅರ್ಥ ಬೆಡೀಲಿಯಾಳನ್ನು ಕೇಳಬೇಕು.
ಪೆಟ್ಟಿಗೆ ಇಟ್ಟೆ. ಈ ಬಾಗಿಲಿಗೆ ಇನ್ನೂ ಹದಿಮೂರು.